ಬೀಗ ಸರಿ, ತಾರೀಖು ನೋಡಿದ್ರಾ?

ಹೋದ ಸಂಚಿಕೆಯಲ್ಲಿ ಸುಮ್ನೆ ಎರಡು ಸಾಲು ಬರೆದಿದ್ದೆ. ವೆಬ್‌ಸೈಟಿನ ಸೆಕ್ಯುರಿಟಿ ಸರ್ಟಿಫಿಕೇಟಿಗೂ ಒಂದು ಕೊನೆಯ ತಾರೀಖು ಇರುತ್ತದೆ, ಅದನ್ನು ಯಾರು ಬೇಕಾದರೂ ನೋಡಬಹುದು ಅಂತ. ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ತರಹದವನ್ನು ಸೇರಿಸಿ, ಉದ್ದದವನ್ನು ಸ್ವಲ್ಪ ಕತ್ತರಿಸಿ ಇಲ್ಲಿ ಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಎಂದು ಸುಮಾರು ಜನ ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಹೋದ ವಾರದಿಂದ ನಮ್ಮ ಸೈಟ್ ತೆರೆದವರಿಗೆಲ್ಲ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಅಂತ ಬರುತ್ತಿದೆಯಂತೆ. ಮೂರು ಬುಕಿಂಗ್ ಕೈತಪ್ಪಿತು. ಜನವರಿಯಲ್ಲೇ ರಿನ್ಯೂವಲ್‌ಗೆ ದುಡ್ಡು ಕಟ್ಟಿದ್ದೇನೆ, ರಸೀದಿ ಇದೆ. ಸೈಟ್ ಮಾಡಿಕೊಟ್ಟ ಹುಡುಗ ಫೋನ್ ಎತ್ತುತ್ತಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಚೆನ್ನಾಗೇ ಬರುತ್ತದೆ. ಏನು ಮಾಡಲಿ ಸರ್?

ಉತ್ತರ: ಮೊದಲು ಆ ರಸೀದಿ ತೆಗೆದು ಓದಿ. ಅದು ಡೊಮೇನ್ ರಿನ್ಯೂವಲ್ ಆಗಿರುವ ಸಾಧ್ಯತೆಯೇ ಜಾಸ್ತಿ. ವೆಬ್‌ಸೈಟ್ ಅಂದರೆ ಮೂರು ಬೇರೆ ಬೇರೆ ವಾಯಿದೆಗಳು. ಡೊಮೇನ್ ಅಂದರೆ ಹೆಸರು, ಹೋಸ್ಟಿಂಗ್ ಅಂದರೆ ಜಾಗ, ಸರ್ಟಿಫಿಕೇಟ್ ಅಂದರೆ ‘ಈ ಹೆಸರಿನ ಸೈಟ್ ಇದೇ’ ಅಂತ ಬ್ರೌಸರಿಗೆ ತೋರಿಸುವ ಗುರುತಿನ ಚೀಟಿ. ಅಂಗಡಿಯ ಬಾಡಿಗೆ ಕಟ್ಟಿದ ಮಾತ್ರಕ್ಕೆ ಟ್ರೇಡ್ ಲೈಸೆನ್ಸ್ ರಿನ್ಯೂ ಆಗಲ್ಲ, ಅಲ್ವಾ? ಇದೂ ಹಾಗೇ. ಮೂರಕ್ಕೂ ಬೇರೆ ತಾರೀಖು, ಎಷ್ಟೋ ಸಲ ಮೂರೂ ಬೇರೆ ಬೇರೆ ಕಂಪನಿಯ ಕೈಯಲ್ಲಿರುತ್ತವೆ.

ಈಗ ತಾರೀಖು ನೋಡೋಣ. ನಿಮ್ಮ ಲ್ಯಾಪ್‌ಟಾಪ್ ಬೇಡ, ಮನೆಯವರ ಫೋನ್ ತಗೊಳ್ಳಿ, ವೈಫೈ ತೆಗೆದು ಮೊಬೈಲ್ ಡೇಟಾದಲ್ಲಿ ಸೈಟ್ ತೆರೆಯಿರಿ. ಎಚ್ಚರಿಕೆಯ ಪುಟ ಬರುತ್ತದೆ. ಅದರಲ್ಲಿ ಬೂದು ಬಣ್ಣದ ಚಿಕ್ಕ ಅಕ್ಷರದಲ್ಲಿ ಒಂದು ಎರರ್ ಕೋಡ್ ಇರುತ್ತದೆ, ಕೊನೆಯಲ್ಲಿ ‘ಸರ್ಟ್ ಡೇಟ್ ಇನ್‌ವ್ಯಾಲಿಡ್’ ಅಂತ. ಅದು ಬರೀ ಅಕ್ಷರ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಕ್ರೋಮ್‌ನಲ್ಲಿ ಅದರ ಮೇಲೇ ಒಮ್ಮೆ ಒತ್ತಿ ನೋಡಿ. ಕೆಳಗೆ ನಾಲ್ಕೈದು ಸಾಲು ಬಿಚ್ಚಿಕೊಳ್ಳುತ್ತವೆ: ಸರ್ಟಿಫಿಕೇಟ್ ಯಾವ ಹೆಸರಿಗೆ, ಕೊಟ್ಟವರು ಯಾರು, ಮುಗಿದ ದಿನ ಯಾವುದು, ಇವತ್ತಿನ ದಿನ ಯಾವುದು. ಎರಡು ತಾರೀಖೂ ಒಂದರ ಕೆಳಗೆ ಒಂದು. ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ನಾಳೆ ಯಾರ ಜೊತೆಗಾದರೂ ಮಾತಾಡುವಾಗ ಬೇಕಾಗುತ್ತದೆ.

ಸೈಟ್ ಸರಿಯಾಗಿರುವಾಗ ನೋಡಬೇಕಾದರೆ ದಾರಿ ಬೇರೆ. ಕಂಪ್ಯೂಟರಿನ ಕ್ರೋಮ್‌ನಲ್ಲಿ ವಿಳಾಸದ ಎಡಗಡೆ ಮೊದಲು ಬೀಗದ ಚಿತ್ರ ಇರುತ್ತಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದು, ಎರಡು ಗೆರೆ ಎರಡು ಸೊನ್ನೆಯ ಚಿತ್ರ ಹಾಕಿದರು. ಬೀಗ ಕಂಡರೆ ಜನ ‘ಸೈಟ್ ಒಳ್ಳೆಯವರದು’ ಅಂದುಕೊಳ್ಳುತ್ತಿದ್ದರು, ಅದಕ್ಕೇ. ಅಲ್ಲಿ ಒತ್ತಿ, ಸಂಪರ್ಕ ಸುರಕ್ಷಿತ ಅನ್ನುವ ಸಾಲು ಒತ್ತಿ, ಸರ್ಟಿಫಿಕೇಟ್ ಅನ್ನುವ ಸಾಲು ಒತ್ತಿ. ಕಿಟಕಿ ತೆರೆಯುತ್ತದೆ. ಮಧ್ಯದಲ್ಲಿ ‘ಇಶ್ಯೂಡ್ ಆನ್’, ಅದರ ಕೆಳಗೆ ‘ಎಕ್ಸ್‌ಪೈರ್ಸ್ ಆನ್’. ಎರಡನೆಯದೇ ನಿಮಗೆ ಬೇಕಾದದ್ದು. ಫೈರ್‌ಫಾಕ್ಸ್‌ನಲ್ಲೂ ವಿಳಾಸದ ಎಡಗಡೆಯ ಚಿತ್ರವನ್ನೇ ಒತ್ತಬೇಕು, ಒಂದೆರಡು ಒತ್ತು ಜಾಸ್ತಿ ಅಷ್ಟೇ, ಅಲ್ಲಿ ‘ನಾಟ್ ಆಫ್ಟರ್’ ಅಂತ ಬರೆದಿರುತ್ತದೆ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಯಾಕೆ ಸರಿಯಾಗಿ ಬರುತ್ತದೆ? ಬಹುಶಃ ಮೊದಲ ದಿನ ನೀವೇ ‘ಅಡ್ವಾನ್ಸ್‌ಡ್’ ಒತ್ತಿ, ಪರವಾಗಿಲ್ಲ ಮುಂದೆ ಹೋಗು ಅಂದಿದ್ದೀರಿ. ಬ್ರೌಸರ್ ಅದನ್ನು ಕೆಲವು ದಿನ ನೆನಪಿಟ್ಟುಕೊಳ್ಳುತ್ತದೆ. ಅಥವಾ ನೀವು ವಿಳಾಸದ ಶುರುವಿನಲ್ಲಿ ಮೂರು ಡಬ್ಲ್ಯೂ ಹಾಕದೆ ತೆರೆಯುತ್ತೀರಿ, ಗಿರಾಕಿಗಳು ಹಾಕಿ ತೆರೆಯುತ್ತಾರೆ, ಎರಡಕ್ಕೂ ಬೇರೆ ಸರ್ಟಿಫಿಕೇಟ್ ಇದೆ. ಅದಕ್ಕೇ ಹೊರಗಿನವರ ಫೋನಿನಲ್ಲಿ ನೋಡಿ ಅಂದಿದ್ದು.

ಇನ್ನು ದುರಸ್ತಿ. ಹುಡುಗನನ್ನು ಕಾಯಬೇಡಿ. ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿ ‘ಎಸ್‌ಎಸ್‌ಎಲ್ ಎಕ್ಸ್‌ಪೈರ್ ಆಗಿದೆ’ ಅನ್ನಿ (ಈ ಸರ್ಟಿಫಿಕೇಟನ್ನೇ ಅವರು ಎಸ್‌ಎಸ್‌ಎಲ್ ಅನ್ನುವುದು), ಇಷ್ಟೇ ಮಾತು ಸಾಕು. ಎಷ್ಟೋ ಕಡೆ ಅವರ ಪ್ಯಾನೆಲ್‌ನಲ್ಲೇ ಪುಕ್ಕಟೆ ಸರ್ಟಿಫಿಕೇಟ್ ಹಾಕುವ ಬಟನ್ ಇರುತ್ತದೆ, ಹತ್ತು ನಿಮಿಷದ ಕೆಲಸ. ಆದರೆ ಅವರು ‘ಈ ಅಕೌಂಟ್ ಯಾರ ಹೆಸರಲ್ಲಿದೆ’ ಅಂತ ಕೇಳುತ್ತಾರೆ. ಅದು ಆ ಹುಡುಗನ ಹೆಸರಲ್ಲಿ, ಅವನ ಮೇಲ್ ಐಡಿಯಲ್ಲಿ ಇದ್ದರೆ ನಿಮ್ಮ ನಿಜವಾದ ತಾಪತ್ರಯ ಅದೇ. ಸರ್ಟಿಫಿಕೇಟ್ ಸರಿಯಾದ ಮೇಲೂ ಅದನ್ನು ಬಿಡಬೇಡಿ.

ಪ್ರಶ್ನೆ: ಕಾಲೇಜಿನ ಸೈಟ್ ತೆರೆದರೆ ಅವಧಿ ಮುಗಿದಿದೆ ಅಂತ ಬರುತ್ತದೆ. ಎಲ್ಲರೂ ‘ಪ್ರೊಸೀಡ್’ ಒತ್ತಿ ಹೋಗ್ತಾರೆ. ನಾನೂ ಹೋಗಬಹುದಾ?

ಉತ್ತರ: ಏನು ಮಾಡಲು ಹೋಗುತ್ತೀರಿ ಅನ್ನುವುದರ ಮೇಲೆ. ಟೈಮ್‌ಟೇಬಲ್ ಓದಲು ಅಂದರೆ ನಾನಾದರೆ ಒಂದು ಕೆಲಸ ಮಾಡುತ್ತೇನೆ: ಆಗ ಹೇಳಿದ ಆ ಕೋಡ್ ಒತ್ತಿ, ಹೆಸರು ಕಾಲೇಜಿನದೇ ಇದೆಯಾ, ತಾರೀಖು ನಿನ್ನೆ ಮೊನ್ನೆಯದಾ ನೋಡುತ್ತೇನೆ. ಎರಡೂ ಹೌದಾದರೆ ಅದು ಯಾರೋ ರಿನ್ಯೂ ಮಾಡಲು ಮರೆತದ್ದೇ ಇರಬೇಕು, ಓದಿ ಬರುತ್ತೇನೆ. ಪಾಸ್‌ವರ್ಡ್, ಫೀಸು, ಆಧಾರ್ ನಂಬರ್ ಹಾಕುವುದಾದರೆ ಬೇಡವೇ ಬೇಡ. ತಾರೀಖು ಮುಗಿದ ಕೂಡಲೇ ಗೂಢಲಿಪಿ ಕಳಚಿ ಬೀಳುವುದಿಲ್ಲ, ನೀವು ಕಳಿಸಿದ್ದು ಮುಚ್ಚಿಕೊಂಡೇ ಹೋಗುತ್ತದೆ. ಆದರೆ ಆ ಕಡೆ ಇರುವವರು ಅವರೇನಾ ಅನ್ನುವುದಕ್ಕೆ ಯಾರೂ ಜವಾಬು ಕೊಡುವುದಿಲ್ಲ. ಮೇಲಾಗಿ, ‘ಪ್ರೊಸೀಡ್’ ಒತ್ತಿ ಒತ್ತಿ ರೂಢಿಯಾದವನಿಗೆ ನಿಜವಾದ ಮೋಸದ ಎಚ್ಚರಿಕೆ ಬಂದಾಗಲೂ ಬೆರಳು ಅಲ್ಲಿಗೇ ಹೋಗುತ್ತದೆ. ಕೆಲವು ಸೈಟಿನಲ್ಲಿ ಆ ಬಟನ್ನೇ ಇರುವುದಿಲ್ಲ. ಸೈಟಿನವರು ಮೊದಲೇ ‘ನಮ್ಮಲ್ಲಿ ಸರ್ಟಿಫಿಕೇಟ್ ಸರಿಯಿಲ್ಲದಿದ್ದರೆ ಯಾರನ್ನೂ ಬಿಡಬೇಡ’ ಅಂತ ಬ್ರೌಸರಿಗೆ ಹೇಳಿಟ್ಟಿರುತ್ತಾರೆ. ಅದು ಕೆಟ್ಟುಹೋಗಿದೆ ಅಂದುಕೊಳ್ಳಬೇಡಿ, ಬೇಕೆಂದೇ ಹಾಗೆ ಇಟ್ಟಿದ್ದಾರೆ.

ಪ್ರಶ್ನೆ: ನಾನು ಒಂದು ಸಹಕಾರ ಸಂಘದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸರ್ಟಿಫಿಕೇಟ್, ಸೈಟಿನ ಪುಟ ಕಳಿಸುವುದಕ್ಕೆ ಎನ್‌ಜಿನ್‌ಎಕ್ಸ್ ಸರ್ವರ್, ಸರ್ಟಿಫಿಕೇಟ್ ತರುವ ತಂತ್ರಾಂಶ ಸರ್ಟ್‌ಬಾಟ್ ತಾನಾಗೇ ರಿನ್ಯೂ ಮಾಡುತ್ತದೆ. ಇವತ್ತು ಬೆಳಿಗ್ಗೆ ಬ್ರೌಸರ್ ‘ಮುಗಿದಿದೆ’ ಅಂತಿದೆ. ಸರ್ವರ್ ಒಳಗೆ ಹೋಗಿ ಸರ್ಟ್‌ಬಾಟ್ ಕೇಳಿದರೆ ‘ಇನ್ನೂ 59 ದಿನ ಇದೆ’ ಅನ್ನುತ್ತದೆ. ಯಾರನ್ನು ನಂಬಲಿ?

ಉತ್ತರ: ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ನೀವು ಬರೆದ 59 ಅನ್ನುವ ಸಂಖ್ಯೆಯಲ್ಲೇ ಇಡೀ ಕಥೆ ಇದೆ. ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಮಾಮೂಲಿ ಸರ್ಟಿಫಿಕೇಟ್ 90 ದಿನದ್ದು. 30 ದಿನ ಬಾಕಿ ಇರುವಾಗ ಸರ್ಟ್‌ಬಾಟ್ ಹೊಸದು ತರುತ್ತದೆ. ಹೊಸದಕ್ಕೆ ಈಗ 59 ದಿನ ಬಾಕಿ ಅಂದರೆ ಅದು ಬಂದು 31 ದಿನ ಆಯಿತು. ಅವತ್ತು ಹಳೆಯದಕ್ಕೆ 30 ದಿನ ಬಾಕಿ ಇತ್ತು, ಅದು ನಿನ್ನೆಗೆ ಮುಗಿಯಿತು. ಹೊಸ ಫೈಲ್ ಡಿಸ್ಕ್ ಮೇಲೆ ಬಂದು ತಿಂಗಳಿಂದ ಕೂತಿದೆ. ಎನ್‌ಜಿನ್‌ಎಕ್ಸ್ ಮಾತ್ರ ತಾನು ಶುರುವಾದಾಗ ಓದಿದ ಹಳೆಯದನ್ನೇ ಮೆಮೊರಿಯಲ್ಲಿ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದೆ. ಒಮ್ಮೆ ರೀಲೋಡ್ ಮಾಡಿ, ಅರ್ಧ ಸೆಕೆಂಡಿನಲ್ಲಿ ಸರಿಹೋಗುತ್ತದೆ. ಕಾಯಂ ಪರಿಹಾರಕ್ಕೆ ಸರ್ಟ್‌ಬಾಟ್‌ಗೆ ಡಿಪ್ಲಾಯ್ ಹುಕ್ ಹಾಕಿ, ಹೊಸದು ಬಂದ ಕೂಡಲೇ ಎನ್‌ಜಿನ್‌ಎಕ್ಸ್ ರೀಲೋಡ್ ಮಾಡು ಅಂತ. ಸರ್ಟ್‌ಬಾಟ್‌ನ ಎನ್‌ಜಿನ್‌ಎಕ್ಸ್ ಪ್ಲಗಿನ್ ಬಳಸಿದ್ದರೆ ಅದೇ ಈ ಕೆಲಸ ಮಾಡುತ್ತಿತ್ತು. ನೀವು ಬರೀ ಸರ್ಟಿಫಿಕೇಟ್ ತರುವ ದಾರಿ ಹಿಡಿದಿದ್ದೀರಿ ಅಂತ ಕಾಣುತ್ತದೆ.

ಇದು ನನಗೂ ಆಗಿದೆ, ಅದಕ್ಕೇ ಇಷ್ಟು ಖಾತ್ರಿಯಿಂದ ಹೇಳುತ್ತಿದ್ದೇನೆ. ಒಂದು ಚಿಕ್ಕ ಸಂಸ್ಥೆಯ ಸೈಟ್ ನೋಡಿಕೊಳ್ಳುತ್ತಿದ್ದೆ. ವಾರಕ್ಕೊಮ್ಮೆ ಸರ್ವರ್ ಒಳಗೆ ಹೋಗಿ ಸರ್ಟ್‌ಬಾಟ್‌ನ ಪಟ್ಟಿ ನೋಡಿ ‘ಆಹಾ, ಎಲ್ಲ ಸರಿ ಇದೆ’ ಅಂತ ಬರುತ್ತಿದ್ದೆ. ಒಂದು ಭಾನುವಾರ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಫೋನ್ ಬಂತು. ಹೋಳಿಗೆ ಬಡಿಸುತ್ತಿದ್ದರು, ಎಡಗೈಯಲ್ಲಿ ಫೋನ್ ಹಿಡಿದು ಸರ್ವರ್ ರೀಲೋಡ್ ಮಾಡಿದೆ. ಅವತ್ತಿನಿಂದ ನಾನು ಮನೆಯ ಒಳಗೆ ನಿಂತು ಬಾಗಿಲು ಹಾಕಿದೆಯಾ ಅಂತ ನೋಡುವುದನ್ನು ಬಿಟ್ಟೆ, ಬೀದಿಯಲ್ಲಿ ನಿಂತು ನೋಡುತ್ತೇನೆ.

ಬೀದಿಯಿಂದ ನೋಡುವುದಕ್ಕೆ ಓಪನ್‌ಎಸ್‌ಎಸ್‌ಎಲ್ ಅನ್ನುವ ಕಮಾಂಡ್ ಇದೆ, ಲಿನಕ್ಸ್‌ನಲ್ಲಿ ಹೆಚ್ಚುಕಮ್ಮಿ ಎಲ್ಲ ಕಡೆ ಇರುತ್ತದೆ. ಅದರ ಎಸ್-ಕ್ಲೈಂಟ್ ಬಳಸಿ 443ನೇ ಪೋರ್ಟಿಗೆ ಸಂಪರ್ಕ ಮಾಡಿ, ಬಂದದ್ದನ್ನು ಎಕ್ಸ್-509 ಉಪಕಮಾಂಡಿಗೆ ಕೊಟ್ಟು ಎಂಡ್‌ಡೇಟ್ ಕೇಳಿ. ಎರಡು ಎಚ್ಚರಿಕೆ ಇದೆ. ಸರ್ವರ್‌ನೇಮ್ ಅನ್ನುವ ಆಯ್ಕೆಯಲ್ಲಿ ನಿಮ್ಮ ಸೈಟಿನ ಹೆಸರನ್ನು ಕೊಡಲೇಬೇಕು, ಇಲ್ಲದಿದ್ದರೆ ಅದೇ ಸರ್ವರಿನಲ್ಲಿರುವ ಇನ್ಯಾವುದೋ ಸೈಟಿನ ತಾರೀಖು ನೋಡಿ ಖುಷಿಪಡುವ ಸಂಭವ ಇದೆ. ಇನ್ನೊಂದು, ಅದು ತೋರಿಸುವ ಸಮಯ ಜಿಎಂಟಿ. ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಿ. ಅಲ್ಲಿ 10ನೇ ತಾರೀಖು ರಾತ್ರಿ 23:59:59 ಅಂತಿದ್ದರೆ ನಮ್ಮಲ್ಲಿ ಅದು 11ರ ಬೆಳಗಿನ 5:29:59. ಸಂಘದ ಕೌಂಟರ್ ತೆರೆಯುವ ಹೊತ್ತಿಗೆ ಸರಿಯಾಗಿ ಸೈಟ್ ಸತ್ತಿರುತ್ತದೆ.

ದಿನಾ ಯಾರು ನೋಡುತ್ತಾರೆ ಅಂತೀರಾ? ನೋಡಬೇಡಿ, ಹೇಳಿದ ಹೊತ್ತಿಗೆ ತಾನಾಗೇ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿ. ಎಕ್ಸ್-509ರಲ್ಲಿ ಚೆಕ್‌ಎಂಡ್ ಅಂತ ಒಂದು ಆಯ್ಕೆ ಇದೆ. ಇಷ್ಟು ಸೆಕೆಂಡಿನ ಒಳಗೆ ಮುಗಿಯುತ್ತದಾ ಅಂತ ಕೇಳಿದರೆ ಹೌದು ಅಥವಾ ಇಲ್ಲ ಅನ್ನುತ್ತದೆ. ನಾನು 1728000 ಇಟ್ಟಿದ್ದೇನೆ, ಅಂದರೆ 20 ದಿನ. ರಿನ್ಯೂ ಆಗಬೇಕಾದದ್ದು 30 ದಿನ ಇರುವಾಗ. 20ಕ್ಕೆ ಇಳಿದಿದೆ ಅಂದರೆ ಹತ್ತು ದಿನದಿಂದ ಏನೋ ಎಡವಟ್ಟಾಗಿದೆ, ಆದರೂ ಸರಿಮಾಡಲು ಬೇಕಾದಷ್ಟು ಟೈಮ್ ಇದೆ. ಹೌದು ಅಂದರೆ ನನಗೆ ಮೆಸೇಜ್ ಬರುತ್ತದೆ. ಈ ಕ್ರಾನ್ ಅದೇ ಸರ್ವರಿನಲ್ಲಿ ಇಡಬೇಡಿ, ಆಫೀಸಿನ ಇನ್ನೊಂದು ಮಿಷನ್‌ನಲ್ಲಿ ಇಡಿ. ಮೇಲ್ ಬರುತ್ತೆ ಬಿಡಿ ಅಂತ ಕೂತವರಿಗೂ ಒಂದು ಮಾತು: ಲೆಟ್ಸ್ ಎನ್‌ಕ್ರಿಪ್ಟ್‌ನವರು ‘ನಿಮ್ಮ ಸರ್ಟಿಫಿಕೇಟ್ ಮುಗಿಯುತ್ತಿದೆ’ ಅಂತ ಮೇಲ್ ಕಳಿಸುವುದನ್ನು 2025ರ ಜೂನ್ 4ರಿಂದ ನಿಲ್ಲಿಸಿದ್ದಾರೆ.

ಪ್ರಶ್ನೆ: ನಮ್ಮ ಶಾಲೆಯ ಹಳೇ ಕಂಪ್ಯೂಟರಿನಲ್ಲಿ ಯಾವ ಸೈಟ್ ತೆರೆದರೂ ಸರ್ಟಿಫಿಕೇಟ್ ತಪ್ಪು ಅಂತ ಬರುತ್ತದೆ. ಗೂಗಲ್ ಕೂಡ ಬರಲ್ಲ. ಎಲ್ಲರದ್ದೂ ಒಟ್ಟಿಗೇ ಮುಗಿಯಿತಾ?

ಉತ್ತರ: ಇಲ್ಲ ಮೇಷ್ಟ್ರೇ. ಪರದೆಯ ಕೆಳಗೆ ಬಲಮೂಲೆಯಲ್ಲಿ ತಾರೀಖು ನೋಡಿ. ಹತ್ತು ಹದಿನೈದು ವರ್ಷ ಹಿಂದಿನದು ಇರುತ್ತದೆ. ಸರ್ಟಿಫಿಕೇಟಿಗೆ ಮುಗಿಯುವ ದಿನದ ಹಾಗೇ ಶುರುವಾಗುವ ದಿನವೂ ಇರುತ್ತದೆ, ನಿಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಅದಿನ್ನೂ ಹುಟ್ಟೇ ಇಲ್ಲ. ತಾರೀಖು ಸರಿಮಾಡಿ. ನಾಳೆ ಮತ್ತೆ ಹಳೇದಕ್ಕೇ ಹೋದರೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಸತ್ತಿದೆ. ಹೆಚ್ಚಿನವಕ್ಕೆ ಸಿಆರ್ 2032 ಹೊಂದುತ್ತದೆ, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಪ್ರಶ್ನೆ: ಇನ್ನು ಮುಂದೆ ಸರ್ಟಿಫಿಕೇಟ್ ಬರೀ 47 ದಿನಕ್ಕೆ ಮುಗಿಯುತ್ತದಂತೆ, ನಿಜವಾ? ಮೊದಲು ಎರಡು ಮೂರು ವರ್ಷಕ್ಕೆ ಒಟ್ಟಿಗೆ ತಗೊಳ್ತಿದ್ವಿ. ಇದು ದುಡ್ಡು ಕೀಳುವ ಉಪಾಯ ಅಲ್ವಾ?

ಉತ್ತರ: ಸುದ್ದಿ ನಿಜ, ಆದರೆ ನಾಳೆ ಬೆಳಿಗ್ಗೆಯಿಂದಲ್ಲ. ಬ್ರೌಸರ್ ಮಾಡುವವರೂ ಸರ್ಟಿಫಿಕೇಟ್ ಕೊಡುವವರೂ ಸೇರಿ ನಿಯಮ ಮಾಡುವ ಒಂದು ಕೂಟ ಇದೆ, ಸಿಎ ಬ್ರೌಸರ್ ಫೋರಂ ಅಂತ. ಅಲ್ಲಿ 2025ರ ಏಪ್ರಿಲ್‌ನಲ್ಲಿ ಆಪಲ್ ತಂದ ಪ್ರಸ್ತಾಪ ಪಾಸಾಯಿತು. ಅದರ ಪ್ರಕಾರ 2026ರ ಮಾರ್ಚ್ 15ರಿಂದ ಕೊಡುವ ಸರ್ಟಿಫಿಕೇಟಿಗೆ ಹೆಚ್ಚೆಂದರೆ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಅದಕ್ಕಿಂತ ಮೊದಲೇ ತೆಗೆದುಕೊಂಡದ್ದು ತನ್ನ ತಾರೀಖಿನವರೆಗೆ ನಡೆಯುತ್ತದೆ. 47 ಅನ್ನುವ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂದರೆ, 31 ದಿನದ ಒಂದು ತಿಂಗಳು, ಮೇಲೆ ಅರ್ಧ ತಿಂಗಳು 15 ದಿನ, ಮೇಲೆ ಕೊಸರು ಒಂದು ದಿನ. ನಮ್ಮ ಸಂತೆಯಲ್ಲಿ ತರಕಾರಿಗೆ ಕೊಡುವ ಕೊಸರಿನ ಹಾಗೇ.

ಇಳಿಕೆ ಹೊಸದೇನಲ್ಲ. ಒಂದು ಕಾಲಕ್ಕೆ 5 ವರ್ಷದ್ದು ಸಿಗುತ್ತಿತ್ತು. 2015ರಲ್ಲಿ 39 ತಿಂಗಳಿಗೆ ಇಳಿಯಿತು, 2018ರಲ್ಲಿ 825 ದಿನಕ್ಕೆ, 2020ರ ಸೆಪ್ಟೆಂಬರ್‌ನಿಂದ 398 ದಿನಕ್ಕೆ. ನೀವು ಎರಡು ಮೂರು ವರ್ಷದ್ದು ತಗೊಂಡದ್ದು ಆ ಹಳೆಯ ಕಾಲದಲ್ಲಿ. ಈಗಲೂ ಕೆಲವರು ‘5 ವರ್ಷದ ಎಸ್‌ಎಸ್‌ಎಲ್’ ಅಂತ ಮಾರುತ್ತಾರೆ. ಅದು 5 ವರ್ಷದ ಚಂದಾ ಅಷ್ಟೇ, ಸರ್ಟಿಫಿಕೇಟ್ ಮಾತ್ರ ಪ್ರತಿ ಸಲ ಹೊಸದಾಗಿ ತಂದು ಹಾಕಲೇಬೇಕು. ದುಡ್ಡು ಕಟ್ಟಿಯಾಗಿದೆ ಅಂತ ನಿಶ್ಚಿಂತೆಯಾಗಿ ಕೂತು ಮೋಸಹೋದವರು ಬಹಳ.

ಉಪಾಯವಾ ಅಂದಿರಲ್ಲ, ನನಗೆ ಹಾಗನ್ನಿಸುವುದಿಲ್ಲ. ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನವರು 2015ರ ಕೊನೆಯಿಂದಲೇ ಇದ್ದಾರೆ. ಅವರೇ ಮೊದಲಿಂದ 90 ದಿನದ್ದು ಕೊಟ್ಟು ತೋರಿಸಿದವರು, ಈಗ 6 ದಿನದ್ದೂ ಕೊಡುತ್ತಾರೆ. ಕಾರಣ ಬೇರೆ ಇದೆ. ಒಂದು ಉದಾಹರಣೆ ನೋಡಿ. ನೀವು ಒಂದು ಡೊಮೇನ್ ಹೆಸರು ಬಿಟ್ಟುಬಿಟ್ಟಿರಿ, ನಾನು ಅದನ್ನು ಕೊಂಡೆ. ಹೆಸರು ಈಗ ನನ್ನದು. ಆದರೆ ಆ ಹೆಸರಿಗೆ ನೀವು ತೆಗೆಸಿಕೊಂಡಿದ್ದ ಸರ್ಟಿಫಿಕೇಟೂ ಅದರ ಕೀಲಿಯೂ ಇನ್ನೂ ನಿಮ್ಮ ಹತ್ತಿರವೇ ಇದೆ. ಅದರ ತಾರೀಖು ಮುಗಿಯುವವರೆಗೆ ನೀವು ನಾನು ಅಂತ ನಟಿಸಬಹುದು. ಕೀಲಿ ಕಳುವಾದರೂ ಇದೇ ಕಥೆ. ಮಧ್ಯದಲ್ಲೇ ರದ್ದು ಮಾಡುವ ವ್ಯವಸ್ಥೆ ಇದೆ, ಆದರೆ ರದ್ದಾದ ಸುದ್ದಿ ಎಲ್ಲ ಬ್ರೌಸರಿಗೂ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ಆಯಸ್ಸನ್ನೇ ಕಡಿಮೆ ಮಾಡಿದರು. ಇದರಲ್ಲಿ ನನಗೆ ಹಿಡಿಸದ ಸಂಗತಿ ಒಂದೇ. ದೊಡ್ಡ ಸರ್ವರಿನವರಿಗೆ ಆಟೊಮ್ಯಾಟಿಕ್ ವ್ಯವಸ್ಥೆ ಇದೆ, ಸರಿ. ಆಫೀಸಿನ ಮೂಲೆಯಲ್ಲಿ ಕೂತ ಹಳೆಯ ಬಯೋಮೆಟ್ರಿಕ್ ಮಿಷನ್ನು, ಹಳೆಯ ಮೇಲ್ ಸರ್ವರ್ ಇವಕ್ಕೆಲ್ಲ ಕೈಯಾರೆ ಹಾಕಬೇಕು. ವರ್ಷಕ್ಕೆ ಒಂದು ಸಲದ ಕೆಲಸ ಎಂಟು ಸಲ ಆಗುತ್ತದೆ.

ಪ್ರಶ್ನೆ: ಅಮ್ಮನ ಹತ್ತಿರ ಆಂಡ್ರಾಯ್ಡ್ 6ರ ಫೋನ್ ಇದೆ. ತಾರೀಖು ಸರಿಯಾಗೇ ಇದೆ. ಆದರೂ ಎಷ್ಟೋ ಸೈಟು ತೆರೆಯಲ್ಲ, ನನ್ನ ಫೋನಿನಲ್ಲಿ ಅವೇ ಸೈಟು ಬರುತ್ತವೆ.

ಉತ್ತರ: ಇಲ್ಲಿ ತೊಂದರೆ ಇರುವುದು ಸೈಟಿನ ಚೀಟಿಯಲ್ಲಲ್ಲ, ಅದಕ್ಕೆ ಸಹಿ ಹಾಕಿದವರಲ್ಲಿ. ಪ್ರತಿ ಫೋನಿನ ಒಳಗೂ ‘ಇವರ ಸಹಿ ಇದ್ದರೆ ನಂಬು’ ಅನ್ನುವ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿರುವವರ ಸರ್ಟಿಫಿಕೇಟಿಗೆ ರೂಟ್ ಅನ್ನುತ್ತಾರೆ, ಅದಕ್ಕೂ ಕೊನೆಯ ತಾರೀಖು ಇದೆ. ಲೆಟ್ಸ್ ಎನ್‌ಕ್ರಿಪ್ಟ್ ಶುರುವಿನಲ್ಲಿ ಬೇರೊಬ್ಬರ ಹಳೆಯ ರೂಟ್ ಸರ್ಟಿಫಿಕೇಟಿನ ಆಸರೆಯಲ್ಲಿ ನಿಂತಿತ್ತು. ಅದು 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನಿನ ಪಟ್ಟಿಯಲ್ಲಿ ಅವರ ಸ್ವಂತ ರೂಟ್ ಇಲ್ಲ. ತಮಾಷೆ ಏನೆಂದರೆ, ಹಳೆಯ ಆಂಡ್ರಾಯ್ಡ್ ರೂಟ್‌ನ ತಾರೀಖನ್ನು ನೋಡುವುದೇ ಇಲ್ಲ. ಆ ಲೋಪವನ್ನೇ ಊರುಗೋಲು ಮಾಡಿಕೊಂಡು 2024ರ ಸೆಪ್ಟೆಂಬರ್‌ವರೆಗೆ ಹೇಗೋ ನಡೆಸಿದರು. ಈಗ ಅದೂ ಮುಗಿದಿದೆ. ಅಮ್ಮನಿಗೆ ಹೊಸ ಫೋನ್ ಕೊಡಿಸಿ. ಹಳೆಯದರಲ್ಲಿ ದುಡ್ಡಿನ ವ್ಯವಹಾರವಂತೂ ಬೇಡ.

ಪ್ರಶ್ನೆ: ಲಂಡನ್ ಹತ್ತಿರದ ನಮ್ಮ ಕನ್ನಡ ಬಳಗಕ್ಕೆ ಒಂದು ವೆಬ್‌ಸೈಟ್ ಇದೆ. ವರ್ಷಕ್ಕೊಮ್ಮೆ ಸಮಿತಿ ಬದಲಾಗುತ್ತದೆ. ಹಿಂದಿನವರು ಯುಗಾದಿಗೆ ಒಂದು, ರಾಜ್ಯೋತ್ಸವಕ್ಕೆ ಒಂದು, ಟಿಕೆಟ್‌ಗೆ ಒಂದು ಅಂತ ಮುಖ್ಯ ಹೆಸರಿನ ಕೆಳಗೆ ಏನೇನೋ ಉಪಹೆಸರು, ಅಂದರೆ ಸಬ್‌ಡೊಮೇನ್ ಮಾಡಿಟ್ಟಿದ್ದಾರೆ. ಯಾವುದು ಯಾವಾಗ ಮುಗಿಯುತ್ತದೆ ಅಂತ ಒಟ್ಟಿಗೆ ನೋಡುವ ದಾರಿ ಇದೆಯಾ? ಇಂಥ ಮರೆವು ನಮ್ಮಂಥ ಹವ್ಯಾಸಿಗಳಿಗೆ ಮಾತ್ರವಾ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ನಿಮ್ಮ ಊರಿನದೇ ಕಥೆ ಅದು. 2018ರ ಡಿಸೆಂಬರ್ 6ರಂದು ಬ್ರಿಟನ್ನಿನಲ್ಲಿ ಓ-ಟು ಕಂಪನಿಯ ಮೊಬೈಲ್ ಡೇಟಾ ನಿಂತುಹೋಯಿತು, ಸುಮಾರು 3 ಕೋಟಿ ಗ್ರಾಹಕರಿಗೆ ತಟ್ಟಿತು. ಲಂಡನ್ ಬಸ್ ಸ್ಟಾಪಿನಲ್ಲಿ ಮುಂದಿನ ಬಸ್ ಯಾವಾಗ ಅಂತ ತೋರಿಸುವ ಬೋರ್ಡುಗಳೂ ಕೆಟ್ಟವು. ಅದೇ ದಿನ ಜಪಾನಿನಲ್ಲಿ ಸಾಫ್ಟ್‌ಬ್ಯಾಂಕ್‌ಗೂ ಅದೇ ಗತಿ. ಎರಡಕ್ಕೂ ಉಪಕರಣ ಕೊಟ್ಟಿದ್ದ ಎರಿಕ್ಸನ್ ತಾನೇ ಹೇಳಿತು, ತಂತ್ರಾಂಶದೊಳಗಿನ ಒಂದು ಸರ್ಟಿಫಿಕೇಟ್ ಅವಧಿ ಮುಗಿದಿತ್ತು ಅಂತ. 2019ರ ಮೇ ತಿಂಗಳಲ್ಲಿ ಫೈರ್‌ಫಾಕ್ಸ್‌ನ ಆಡ್-ಆನ್‌ಗಳೆಲ್ಲ ಒಮ್ಮೆಲೇ ಕೈಕೊಟ್ಟವು, 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟ್ ಟೀಮ್ಸ್ ಕೆಲವು ಗಂಟೆ ಮಲಗಿತು. ಎಲ್ಲ ಕಡೆ ಕಾರಣ ಒಂದೇ. ಇವರಲ್ಲಿ ಯಾರಿಗೂ ಜನ ಕಡಿಮೆ ಇರಲಿಲ್ಲ. ಹಾಗಾಗಿ ನಿಮ್ಮ ಸಮಿತಿಯವರನ್ನು ಜಾಸ್ತಿ ಬೈಯಬೇಡಿ.

ಈಗ ಪಟ್ಟಿ. ಸಾರ್ವಜನಿಕ ಸರ್ಟಿಫಿಕೇಟ್ ಕೊಟ್ಟಾಗೆಲ್ಲ ಅದನ್ನು ತೆರೆದ ದಫ್ತರಿನಲ್ಲಿ ಬರೆಯಬೇಕು ಅನ್ನುವ ಪದ್ಧತಿ ಇದೆ, ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಅಂತ. ಹಾಗೆ ಬರೆಯದ ಹೊಸ ಸರ್ಟಿಫಿಕೇಟನ್ನು 2018ರ ಏಪ್ರಿಲ್ ಕೊನೆಯಿಂದ ಕ್ರೋಮ್ ಒಪ್ಪುವುದಿಲ್ಲ. ಈ ದಫ್ತರನ್ನು ಹುಡುಕಲು ‘ಸಿಆರ್‌ಟಿ ಡಾಟ್ ಎಸ್‌ಎಚ್’ ಅನ್ನುವ ಸೈಟ್ ಇದೆ. ಅಲ್ಲಿ ನಿಮ್ಮ ಡೊಮೇನ್ ಹೆಸರು ಹಾಕಿ. ಹತ್ತು ವರ್ಷದಿಂದ ಯಾವ ಸಮಿತಿ ಯಾವ ಹೆಸರಿಗೆ ಸರ್ಟಿಫಿಕೇಟ್ ತೆಗೆಸಿತ್ತು, ಯಾವುದು ಯಾವಾಗ ಮುಗಿಯಿತು, ಎಲ್ಲ ಸಾಲಾಗಿ ಬರುತ್ತದೆ. ‘ಟೆಸ್ಟ್‌2’, ‘ಹೊಸದು-ಫೈನಲ್’ ಅಂಥ ಹೆಸರುಗಳೂ ಸಿಕ್ಕಿ ನಗು ಬರುತ್ತದೆ. ಗುಟ್ಟಾಗಿಡಬೇಕಾದ ಹೆಸರನ್ನು ಸಬ್‌ಡೊಮೇನ್‌ಗೆ ಇಡಬಾರದು ಅನ್ನುವುದೂ ಆಗ ಗೊತ್ತಾಗುತ್ತದೆ, ಯಾಕೆಂದರೆ ನಿಮಗೆ ಕಂಡದ್ದು ಊರಿಗೆಲ್ಲ ಕಾಣುತ್ತದೆ.

ಆದರೆ ಅಲ್ಲಿ ಕಾಣುವುದು ಕೊಟ್ಟ ಲೆಕ್ಕ, ಹಾಕಿದ ಲೆಕ್ಕ ಅಲ್ಲ. ಸಹಕಾರ ಸಂಘದವರ 59 ದಿನದ ಹೊಸ ಸರ್ಟಿಫಿಕೇಟ್ ಕೂಡ ಆ ದಫ್ತರಿನಲ್ಲಿ ಚಂದವಾಗಿ ಕಾಣುತ್ತಿತ್ತು. ಪಟ್ಟಿಯಿಂದ ಹೆಸರುಗಳನ್ನು ಎತ್ತಿಕೊಳ್ಳಿ, ಆಮೇಲೆ ಒಂದೊಂದನ್ನೂ ಬ್ರೌಸರಿನಲ್ಲಿ ತೆರೆದು ತಾರೀಖು ನೋಡಿ. ಬೇಡವಾದವನ್ನು ಮುಚ್ಚಿ. ಉಳಿದವನ್ನು ಬಳಗದ ಹೆಸರಿನ ಮೇಲ್ ಐಡಿಗೆ ಕಟ್ಟಿ, ಕಾರ್ಯದರ್ಶಿಯ ಸ್ವಂತ ಐಡಿಗೆ ಬೇಡ. ಕಾರ್ಯದರ್ಶಿ ಮುಂದಿನ ವರ್ಷ ಇರುವುದಿಲ್ಲ, ಗುಂಪಿನಿಂದ ಸಿಟ್ಟುಮಾಡಿಕೊಂಡು ಹೋಗಿರಲೂಬಹುದು.

ಪ್ರಶ್ನೆ: ನಾನು ಕ್ಲಾಸ್ ಒನ್ ಕಂಟ್ರಾಕ್ಟರ್. ಟೆಂಡರ್ ಹಾಕುವ ಕೊನೆಯ ದಿನ ಡಿಎಸ್‌ಸಿ (ಡಿಜಿಟಲ್ ಸಹಿಯ ಸರ್ಟಿಫಿಕೇಟ್) ಎಕ್ಸ್‌ಪೈರ್ ಅಂತ ಬಂತು. ಇದೂ ಅದೇ ಸರ್ಟಿಫಿಕೇಟಾ?

ಉತ್ತರ: ಜಾತಿ ಒಂದೇ, ಕೆಲಸ ಬೇರೆ. ಅದು ಸೈಟಿನ ಗುರುತು, ಇದು ನಿಮ್ಮ ಸಹಿ. ಡಿಎಸ್‌ಸಿಯನ್ನು ನಮ್ಮ ದೇಶದ ಲೈಸೆನ್ಸ್ ಪಡೆದ ಸಂಸ್ಥೆಗಳು ಕೊಡುತ್ತವೆ, ಒಂದರಿಂದ ಮೂರು ವರ್ಷದ ಅವಧಿಗೆ. ಪೆನ್‌ಡ್ರೈವ್ ತರಹದ ಟೋಕನ್ ಸಿಕ್ಕಿಸಿ, ಅದರ ಜೊತೆ ಬಂದ ತಂತ್ರಾಂಶ ತೆರೆದು ಪಿನ್ ಹಾಕಿದರೆ ಒಳಗಿನ ಸರ್ಟಿಫಿಕೇಟ್ ಕಾಣುತ್ತದೆ, ಅದರಲ್ಲಿ ‘ವ್ಯಾಲಿಡ್ ಟು’ ನೋಡಿ. ಇದು ತಾನಾಗೇ ರಿನ್ಯೂ ಆಗುವುದಿಲ್ಲ. ರಿನ್ಯೂವಲ್ ಅಂದರೂ ಅದು ಹೊಸ ಸರ್ಟಿಫಿಕೇಟೇ, ಮತ್ತೆ ದಾಖಲೆ, ಮತ್ತೆ ವಿಡಿಯೋದಲ್ಲಿ ಮುಖ ತೋರಿಸುವುದು ಇರುತ್ತದೆ. ಬಂದ ಮೇಲೆ ಟೆಂಡರ್ ಪೋರ್ಟಲ್‌ನಲ್ಲಿ ಹೊಸದನ್ನು ಸೇರಿಸಬೇಕು. ಇವೆಲ್ಲ ಕೊನೆಯ ದಿನ ಸಂಜೆ ಆಗುವ ಕೆಲಸ ಅಲ್ಲ. ಟೋಕನ್ ಮೇಲೆ ಒಂದು ತುಂಡು ಬಿಳಿ ಟೇಪ್ ಅಂಟಿಸಿ ತಾರೀಖು ಪೆನ್ನಿನಲ್ಲಿ ಬರೆದಿಡಿ. ನನ್ನ ಪರಿಚಯದ ಆಡಿಟರ್ ಒಬ್ಬರ ಡ್ರಾಯರಿನಲ್ಲಿ ಇಂಥವು ನಲವತ್ತರ ಮೇಲಿವೆ, ಎಲ್ಲಕ್ಕೂ ಟೇಪ್ ಇದೆ, ಗ್ಯಾಸ್ ಸಿಲಿಂಡರಿನ ಮೇಲೆ ಮುಂದಿನ ತಪಾಸಣೆ ಯಾವಾಗ ಅಂತ ಬರೆದ ಹಾಗೆ.

ಪ್ರಶ್ನೆ: ಊರಿಗೆಲ್ಲ ಹೇಳ್ತೀರಿ, ನಿಮ್ಮ ಪತ್ರಿಕೆಯ ವೆಬ್‌ಸೈಟಿನ ತಾರೀಖು ಎಷ್ಟು?

ಉತ್ತರ: ಈ ಪ್ರಶ್ನೆ ಬಂದ ಮೇಲೆ ಹೋಗಿ ನೋಡಿದೆ, ಸುಳ್ಳು ಹೇಳಲ್ಲ. 33 ದಿನ ಬಾಕಿ ಇತ್ತು. ಆಫೀಸಿಗೆ ಫೋನ್ ಮಾಡಿ ಕೇಳಿದರೆ ‘30ಕ್ಕೆ ಇಳಿದ ಕೂಡಲೇ ತಾನಾಗೇ ಆಗುತ್ತೆ ಸಾರ್, ನೀವು ತಲೆ ಕೆಡಿಸ್ಕೋಬೇಡಿ’ ಅಂದರು. ಗುರುವಾರ ಇನ್ನೊಮ್ಮೆ ನೋಡುತ್ತೇನೆ, ಮನೆಯವರ ಫೋನಿನಲ್ಲಿ.